ಮೊದಲು ಮೆಟ್ಟುಗತ್ತಿ ಮುಂದೆ ಕೂತ್ಕೋ

ಪುಟ್ಟಿ,

ನೀನು ಕಳಿಸಿದ ವಿಡಿಯೋ ನಾಲ್ಕು ಸಲ ನೋಡಿದೆ, ಊಟಕ್ಕೆ ಏಳದೆ ನಿಮ್ಮತ್ತೆ ಕೈಲಿ ಬೈಸಿಕೊಂಡೆ. ನೀನು ಮಾಡಿದ ಅಡಿಕೆ ಸುಲಿಯೋ ಮಷೀನು ಚೆನ್ನಾಗಿದೆ. ಆದರೆ ಅದರಲ್ಲಿ ಹಾಕಿರೋದು ಒಣಗಿದ ಅಡಿಕೆ, ಅಲ್ವಾ? ಸದ್ದಿನಲ್ಲೇ ಗೊತ್ತಾಯಿತು. ನಮ್ಮ ಕಡೆ ರಾಶಿ (ಬೇಯಿಸಿ ಒಣಗಿಸೋ ಕೆಂಪಡಿಕೆ) ಮಾಡೋಕೆ ಸುಲಿಯೋದು ಹಸಿಯಡಿಕೆ, ಅದೂ ಕೊಯ್ದ ಒಂದೆರಡು ದಿನದಲ್ಲಿ.

ಇಪ್ಪತ್ತೈದು ವರ್ಷದ ಹಿಂದೆ ನಾನೂ ಒಂದು ಮಾಡಿದ್ದೆ. ನಿನಗೆ ಗೊತ್ತಿಲ್ಲ, ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ತೀರ್ಥಹಳ್ಳಿಯಲ್ಲಿ ವೆಲ್ಡಿಂಗ್ ಮಾಡಿಸಿ, ಹಳೇ ಪಂಪಿನ ಮೋಟರು ಹಾಕಿ, ಗೋಟು, ಅಂದ್ರೆ ಸಿಪ್ಪೆ ಸಮೇತ ಒಣಗಿದ ಹಣ್ಣಡಿಕೆ, ಸುರಿದು ನೋಡಿದೆ, ಪಟಪಟ ಅಂತ ಸುಲಿದು ಬಿತ್ತು. ಅವತ್ತು ರಾತ್ರಿ ನನಗೆ ನಿದ್ದೆನೇ ಬರಲಿಲ್ಲ. ಆಮೇಲೆ ಕೊಯ್ಲು ಬಂತು. ಹಸಿ ಸಿಪ್ಪೆಯ ನಾರು ರೋಲರಿಗೆ ಜಡೆ ಹಾಗೆ ಸುತ್ತಿಕೊಂಡಿತು. ದಪ್ಪ ಕಾಯಿ ಒಡೆಯಿತು, ಸಣ್ಣದು ಸಿಪ್ಪೆ ಸಮೇತ ಆ ಕಡೆ ಹೊರಟು ಹೋಯಿತು. ಒಡೆದಿದ್ದಕ್ಕೆ ಮಂಡಿಯಲ್ಲಿ ರೇಟಿಲ್ಲ. ಸುಲಿಯೋಕೆ ಬರುತ್ತಿದ್ದ ಒಬ್ಬ ಅಜ್ಜಿ ಬುಟ್ಟಿಯೊಳಗೆ ಕೈ ಆಡಿಸಿ, 'ಅಯ್ಯಾ, ಇದು ಸುಲಿದದ್ದನ್ನ ಸುಲಿಯೋಕೆ ನಾವು ಬೇರೆ ಬರಬೇಕಾ?' ಅಂತ ಕೇಳಿತು. ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ ಅನ್ನು, ಆದರೆ ಮಷೀನನ್ನು ಮಾರನೇ ದಿನವೇ ಕೊಟ್ಟಿಗೆ ಹಿಂದಕ್ಕೆ ತಳ್ಳಿದೆ. ತಪ್ಪು ಮಾಡಿದ್ದು ಅಲ್ಲೇ. ಆ ಅಜ್ಜಿ ಹತ್ತಿರ ಕೂತು ಕೇಳಬೇಕಿತ್ತು.

ಅದಕ್ಕೇ ಹೇಳ್ತೀನಿ, ಮೊದಲು ನಾಲ್ಕು ರಾತ್ರಿ ನೀನೇ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತ್ಕೋ. ಸುಲಿಯೋರ ಕೈ ನೋಡು. ಕಾಯಿ ದಪ್ಪವೋ ಸಣ್ಣದೋ ಅಂತ ಕಣ್ಣು ನೋಡೋದಿಲ್ಲ, ಕೈ ನೋಡುತ್ತೆ. ಕತ್ತಿಗೆ ಒತ್ತಿ ಒಂಚೂರು ತಿರುಗಿಸಿದರೆ ಸಿಪ್ಪೆ ಬಿಟ್ಟುಕೊಂಡಿತು, ಎಲ್ಲಿ ನಿಲ್ಲಿಸಬೇಕು ಅನ್ನೋದು ಬೆರಳಿಗೆ ಗೊತ್ತು. ನಿನ್ನ ರೋಲರಿಗೆ ಕಲಿಸಬೇಕಾಗಿರೋದು ಅದನ್ನ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕೊಳೆರೋಗದ ವಿಷಯವೇ ತಗೋ. ಅದಕ್ಕೆ ಹೊಡೆಯೋ ಬೋರ್ಡೋ ಔಷಧಿ ನಮ್ಮದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದು ಮಿಲಾರ್ಡೆ ಅನ್ನುವವನ ಕಣ್ಣಿಗೆ ಬಿತ್ತು, 1885ರಲ್ಲಿ ಪ್ರಕಟಿಸಿದ. ನಮ್ಮ ತೋಟಕ್ಕೆ ಅದು ಬಂದಿದ್ದು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೋಲ್ಮನ್ ಎಂಬ ಕೆನಡಾದವರು ಕೊಳೆರೋಗದ ಬೆನ್ನು ಹತ್ತಿದ ಮೇಲೆ. ಅಲ್ಲಿಯವರೆಗೆ ನಮ್ಮವರು ಗೊನೆಗೊನೆಗೂ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು, ಪಾಪ, ಮಳೆಯಲ್ಲಿ ಮರ ಹತ್ತಿ. ಔಷಧಿ ಇತ್ತು, ಸರಿ, ಆದರೆ ಆಗುಂಬೆ ಕಡೆಯ ಮಳೆಗೆ ಅದು ಗೊನೆ ಮೇಲೆ ನಿಲ್ಲಬೇಕಲ್ಲ? ಅದಕ್ಕೆ ರಾಳ-ಸೋಡಾ ಅಂಟು ಸೇರಿಸೋದು, ಅಷ್ಟೆತ್ತರಕ್ಕೆ ಹೊಡೆಯೋ ಪಂಪು, ಸುಣ್ಣ ಹದ ಬಂತಾ ಅಂತ ಚಾಕು ಅದ್ದಿ ನೋಡೋದು (ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು), ಇವೆಲ್ಲ ಸೇರಿ ಔಷಧಿ ಆಯಿತು. ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ಈಗ ಮರ ಹತ್ತೋದೂ ಕಮ್ಮಿಯಾಗಿದೆ, ಆದರೆ ಅದರ ಭಾರ ಹೊತ್ತು ಇಡೀ ದಿನ ಕತ್ತೆತ್ತಿ ನಿಂತವನನ್ನ ಕೇಳು, ಇನ್ನೂ ಏನೇನು ಬಾಕಿಯಿದೆ ಅಂತ ಅವನೇ ಹೇಳ್ತಾನೆ.

ಅಸ್ತ್ರ ಒಲೆಯೂ ಅಷ್ಟೇ. ಬೆಂಗಳೂರಿನ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಅವರು ಮಾಡಿದ್ದು, ಹೊಗೆ ಕೊಳವೆಯಲ್ಲಿ ಹೋಗುತ್ತೆ, ಸೌದೆ ಉಳಿಯುತ್ತೆ. ನಮ್ಮ ಅಮ್ಮನಿಗೆ ಅದು ಬಂದ ಮೇಲೇ ಕಣ್ಣುರಿ ಕಮ್ಮಿಯಾಗಿದ್ದು. ಆದರೆ ಸೌದೆ ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೀತಾ ಇರಬೇಕು. ಅಷ್ಟು ಮಾಡದ ಮನೆಗಳಲ್ಲಿ ಹೊಗೆ ವಾಪಸ್ ಬಂತು, ಬೈಗುಳ ಒಲೆಗೆ ಬಿತ್ತು.

ಇನ್ನೊಂದು, ಇದು ಕಾಸಿನ ವಿಷಯ. ವಿಡಿಯೋನ ಸುಮ್ನೆ ಯೂಟ್ಯೂಬಿಗೆ ಹಾಕಬೇಡ. ಒಮ್ಮೆ ಎಲ್ಲರೂ ನೋಡಿದರೆ ಪೇಟೆಂಟು ಕೇಳುವಾಗ ಅದು ಹೊಸದು ಅನ್ನಿಸಿಕೊಳ್ಳೋದಿಲ್ಲ. ಮೊದಲು ತಾತ್ಕಾಲಿಕ ಅರ್ಜಿ ಹಾಕು, ಪೂರ್ತಿ ವಿವರ ಕೊಡೋಕೆ 12 ತಿಂಗಳು ಸಿಗುತ್ತೆ. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ಭಾರತದೊಳಗೆ ಮಾತ್ರ. ಬೇಸಾಯದ ವಿಧಾನಕ್ಕೆ ಪೇಟೆಂಟು ಕೊಡೋದಿಲ್ಲ, ಯಂತ್ರಕ್ಕೆ ಕೊಡುತ್ತಾರೆ. ಕಾಲೇಜಿನ ಪ್ರಾಜೆಕ್ಟ್ ಆಗಿ ಶುರುವಾಗಿದ್ದರಿಂದ ಹಕ್ಕು ಯಾರದು ಅಂತ ಬರವಣಿಗೆಯಲ್ಲೇ ಕೇಳು. ನನ್ನ ಮಷೀನಿನಲ್ಲಿ ಸರಿಯಾಗಿದ್ದದ್ದು ಒಂದೇ, ಕಾಯಿ ಒಂದೊಂದಾಗಿ ಬೀಳೋ ತಗಡಿನ ಬಾಯಿ. ಅದನ್ನ ನೋಡಿಕೊಂಡು ಹೋದ ಒಬ್ಬರ ವರ್ಕ್‌ಶಾಪಿನಲ್ಲಿ ಮರುವರ್ಷ ಅದೇ ಬಾಯಿ ಇತ್ತು. ಕೇಳೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನಿಮ್ಮಮ್ಮ ಕೆಲಸ ಬಿಡಬೇಡ ಅಂತಿದ್ದಾಳಂತೆ. ನನ್ನ ತಂಗಿ, ಅವಳನ್ನ ನಾನು ನೋಡ್ಕೋತೀನಿ. ಆದರೂ ಈ ಕೊಯ್ಲು ಮುಗಿಯೋವರೆಗೆ ಬಿಡಬೇಡ, ರಜೆ ಹಾಕಿ ಬಾ.

ದೀಪಾವಳಿ ಮುಗಿಸಿ ಇಲ್ಲೇ ಉಳ್ಕೋ. ಪಿಕಪ್‌ಗೆ ಹೇಳಿರ್ತೀನಿ, ಮಷೀನನ್ನೂ ತಗೊಂಡು ಬಾ. ಆ ಅಜ್ಜಿ ಈಗಿಲ್ಲ, ಸೊಸೆ ಸುಲಿಯೋಕೆ ಬರ್ತಾಳೆ, ಬಾಯಿ ಅತ್ತೆಗಿಂತ ಜೋರು. ಹಳೇ ಸೀರೆಯೋ ನೈಟಿಯೋ ತಗೊಂಡು ಬಾ, ಅಡಿಕೆ ಕರೆ ಹೋಗೋದಿಲ್ಲ.

ನಿನ್ನ ಮಾವ