ಸಣ್ಣ ಸುಖಕ್ಕೂ ಬಿಡುವು ಬೇಕು

ಮಾನ್ಯ ಸಂಪಾದಕರೇ,

ಖುಷಿಯಾಗಿರಬೇಕಾದರೆ ದಿನಕ್ಕೊಂದು ಸಣ್ಣ ಸುಖ ಅನುಭವಿಸಿ ಎಂಬ ಸಲಹೆ ಪುರವಣಿಗಳಲ್ಲೂ ವಾಟ್ಸಾಪಿನಲ್ಲೂ ಓಡಾಡುತ್ತಿದೆ. ಸಣ್ಣ ಸುಖ ಬೇಕೇ ಬೇಕು. ಎಡವುವುದು 'ದಿನಕ್ಕೊಂದು' ಎಂಬಲ್ಲಿ. ಅದೇ ಸುಖ ದಿನವೂ ಸಿಕ್ಕಿದರೆ ಮನಸ್ಸು ಒಗ್ಗಿಹೋಗುತ್ತದೆ. ಆಮೇಲೆ ಸಿಕ್ಕಿದ ದಿನ ಹಿಗ್ಗಿಲ್ಲ, ಸಿಗದ ದಿನ ಮಾತ್ರ ಕಿರಿಕಿರಿ.

ಮನಃಶಾಸ್ತ್ರಜ್ಞರಾದ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಎಲ್ಲರಿಗೂ ಒಂದು ತುಂಡು ಚಾಕಲೇಟ್ ಕೊಟ್ಟು, ಬಳಿಕ ಒಂದು ಗುಂಪಿಗೆ ವಾರವಿಡೀ ಚಾಕಲೇಟ್ ಮುಟ್ಟಬೇಡಿ ಎಂದರು. ಇನ್ನೊಂದು ಗುಂಪಿಗೆ ದೊಡ್ಡ ಪೊಟ್ಟಣ ಕೊಟ್ಟು ಬೇಕಾದಷ್ಟು ತಿನ್ನಿ ಎಂದರು. ಮೂರನೆಯವರಿಗೆ ಏನೂ ಹೇಳಲಿಲ್ಲ. ವಾರದ ನಂತರ ಮತ್ತೆ ಒಂದೊಂದು ತುಂಡು ಕೊಟ್ಟಾಗ ಹೆಚ್ಚು ಸವಿದವರು, ಹೆಚ್ಚು ಪ್ರಸನ್ನರಾದವರು ಬಿಟ್ಟು ಕೂತವರೇ. ನಮ್ಮಲ್ಲಿ ಆಟಿ ತಿಂಗಳ ಪತ್ರೊಡೆಗೆ ಇರುವ ಮರ್ಯಾದೆಯೂ ಇಂಥದ್ದೇ. ಅದಕ್ಕೆ ಬೇಕಾದ ಕೆಸುವಿನ ಎಲೆ ಚಿಗುರುವುದು ಮಳೆಗಾಲದಲ್ಲಿ, ಹಾಗಾಗಿ ಉಳಿದ ತಿಂಗಳ ಬಿಡುವನ್ನು ಋತುವೇ ಕೊಡುತ್ತದೆ.

ಮೈದಾ ಹಿಟ್ಟಿನಲ್ಲಿ ಕರಿಯುವ ಸಂಜೆಯ ಗೋಳಿಬಜೆಗೆ ಋತುವಿಲ್ಲ, ಹಾಗಾಗಿ ಬಿಡುವನ್ನು ನಾವೇ ಕೊಡಬೇಕು. ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಶನಿವಾರ ಎಂದುಕೊಂಡರೆ ಶುಕ್ರವಾರವೇ ಅದರ ನೆನಪು ಸಿಹಿ. ಕುಂಬಳೆಯಲ್ಲೋ ಪೆರ್ಲದಲ್ಲೋ ಬಾಣಲೆ ಒಲೆಯ ಮೇಲಿರುವ ಹೊತ್ತಿಗೇ ಹೋಗಿ, ಯಾಕೆಂದರೆ ಆರಿದ ಗೋಳಿಬಜೆಯ ಹೊರಪದರ ಮೆತ್ತಗಾಗುತ್ತದೆ. ಫೋನು ಕಿಸೆಯಲ್ಲಿರಲಿ. ಮುರಿದಾಗ ಏಳುವ ಹಬೆ, ಶುಂಠಿ, ಕರಿಬೇವಿನ ಪರಿಮಳ, ಹಲ್ಲಿಗೆ ಸಿಗುವ ಕಾಯಿ ಚೂರು, ಇಷ್ಟಕ್ಕೂ ಗಮನ ಕೊಡಿ. ಎರಡು ಮೂರಕ್ಕೆ ನಿಲ್ಲಿಸಿ. ಒಂದೇ ತಿಂಡಿಯನ್ನು ತಿನ್ನುತ್ತಾ ಹೋದಂತೆ ಅದರ ರುಚಿ ಇಳಿಯುತ್ತದೆ, ನೆನಪಿನಲ್ಲಿ ಉಳಿಯುವುದು ಹೆಚ್ಚಾಗಿ ಕೊನೆಯ ತುತ್ತು.

ಇಲ್ಲಿ ಆಗುವ ತಪ್ಪು ಎರಡು. ಸಿಹಿ, ಕರಿದದ್ದು, ಟಿವಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಅದು ಶಿಕ್ಷೆಯಾಗುತ್ತದೆ, ಹೆಚ್ಚು ದಿನ ನಡೆಯದು. ಒಂದನ್ನು ಮಾತ್ರ ಆರಿಸಿ. ಆ ಒಂದು ಚಾಯವೋ ಕಾಫಿಯೋ ಆಗುವುದು ಬೇಡ. ರೂಢಿಯವರು ಅದನ್ನು ಥಟ್ಟನೆ ಬಿಟ್ಟರೆ ತಲೆನೋವು ಬರಬಹುದು. ಅದು ಅವುಗಳಲ್ಲಿರುವ ಕೆಫೀನ್ ಥಟ್ಟನೆ ನಿಂತದ್ದರ ಪರಿಣಾಮ.

ಬಿಡುವಿನ ವಿಷಯದಲ್ಲಿ ನಮ್ಮ ಅಂದಾಜು ತಲೆಕೆಳಗು. ಸಂಶೋಧಕರಾದ ಲೀಫ್ ನೆಲ್ಸನ್ ಮತ್ತು ಟಾಮ್ ಮೇವಿಸ್ 2008ರಲ್ಲಿ ತೋರಿಸಿದಂತೆ, ಮಾಲೀಶಿನ ನಡುವೆ ಸ್ವಲ್ಪ ನಿಲ್ಲಿಸಿ ಮುಂದುವರಿಸಿದರೆ ಹಿತ ಹೆಚ್ಚುತ್ತದೆ. ಧೂಳು ಹೀರುವ ಯಂತ್ರದ ಕರ್ಕಶ ಸದ್ದಿನ ನಡುವೆ ಬಿಡುವು ಸಿಕ್ಕಿದರೆ ಸದ್ದು ಇನ್ನಷ್ಟು ಹಿಂಸೆಯಾಗುತ್ತದೆ. ಜನ ಮಾಡಹೊರಡುವುದು ಇದರ ವಿರುದ್ಧ. ಆದ್ದರಿಂದ ರಾಶಿ ಬಿದ್ದ ಪಾತ್ರೆ, ಬೇಸರದ ಕಾಗದಪತ್ರ ಒಂದೇ ಉಸಿರಿಗೆ ಮುಗಿಯಲಿ. ಇಷ್ಟದ ಹಾಡುಗಾರಿಕೆಗೆ, ತಾಳಮದ್ದಳೆಗೆ ನಡುವೆ ಎದ್ದುಹೋಗುವ ಹತ್ತು ನಿಮಿಷ ನಷ್ಟವಲ್ಲ.

ದುಡ್ಡಿನ ಮಾತೂ ಇದೆ. 2008ರಲ್ಲಿ ಡನ್ ಮತ್ತು ಸಂಗಡಿಗರು ಕೆನಡಾದಲ್ಲಿ 46 ಮಂದಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು ಸಂಜೆ ಐದರೊಳಗೆ ಖರ್ಚು ಮಾಡಲು ಹೇಳಿದರು. ತಮಗೆ ಕೊಂಡವರಿಗಿಂತ ಇನ್ನೊಬ್ಬರಿಗಾಗಿ ಕೊಟ್ಟವರು ಸಂಜೆ ಹೆಚ್ಚು ಖುಷಿಯಲ್ಲಿದ್ದರು, 5 ಆದರೂ 20 ಆದರೂ. ಶನಿವಾರದ ಪ್ಲೇಟಿಗೆ ಇನ್ನೊಬ್ಬರನ್ನು ಕರೆಯಲು ಇಷ್ಟು ಕಾರಣ ಸಾಕು.

ಆದರೆ ಎರಡು ವಾರ ಕಳೆದರೂ ಯಾವುದೂ ಬೇಡ ಎನಿಸುತ್ತಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ಅದಕ್ಕೆ ಗೋಳಿಬಜೆ ಮದ್ದಲ್ಲ. ವೈದ್ಯರನ್ನು ಕಾಣಬೇಕು, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಈ ಸಾಲು ಖುಷಿಯ ಸಲಹೆ ಕೊಡುವ ಪ್ರತಿ ಲೇಖನದ ಕೆಳಗೂ ಇರಲೇಬೇಕು.

ತಮ್ಮಲ್ಲಿ ವಿನಂತಿ ಒಂದೇ: 'ಸಂಶೋಧನೆ ಹೇಳುತ್ತದೆ' ಎಂದು ಅಚ್ಚಿಸುವಾಗ ಎಲ್ಲಿ, ಎಷ್ಟು ಜನರ ಮೇಲೆ, ಎಷ್ಟು ದಿನ ನಡೆದದ್ದು ಎಂಬುದನ್ನೂ ಸೇರಿಸಿ. 46 ಮಂದಿಯ ಮೇಲಿನ ಪ್ರಯೋಗಕ್ಕೆ ಎಷ್ಟು ತೂಕ ಕೊಡಬೇಕೆಂದು ಓದುಗರೇ ಅಳೆದುಕೊಳ್ಳುತ್ತಾರೆ.

– ಮನಃಶಾಸ್ತ್ರ ಅಧ್ಯಾಪಕಿ, ಬದಿಯಡ್ಕ, ಕಾಸರಗೋಡು