ಮಗಳಿಗೊಂದು ಪತ್ರ: ನಿನ್ನ ಹದಿನೆಂಟು ಪ್ರಶ್ನೆಗಳಿಗೆ

ವಿದ್ಯಾಗಿರಿ, ಬಾಗಲಕೋಟೆ
ಮಂಗಳವಾರ ಸಂಜೆ

ಪ್ರೀತಿಯ ಮಗಳ,

ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮಪ್ಪನ ಮೊಣಕಾಲು ಚಳಿಗೆ ಸ್ವಲ್ಪ ತಕರಾರು ತೆಗೆದಿದೆ. ಆದರೂ ಸಂಜೆಯ ತಿರುಗಾಟ ಬಿಟ್ಟಿಲ್ಲ, ಈಗಷ್ಟೇ ಹೊರಬಿದ್ದರು. ಅವರು ಬರುವುದರೊಳಗೆ ಇದನ್ನು ಮುಗಿಸಬೇಕು.

ನಿಮ್ಮ ಆಫೀಸಿನ ರಾಜ್ಯೋತ್ಸವದಲ್ಲಿ ನನ್ನನ್ನು ಪರಿಚಯ ಮಾಡಿಕೊಡುತ್ತೀ ಅಂತ ಹದಿನೆಂಟು ಪ್ರಶ್ನೆ ಬರೆದು ಕಳಿಸಿದ್ದೀ. ಎಷ್ಟು ಗಂಟೆಗೆ ಬರೆಯುತ್ತೀ, ಇಷ್ಟದ ಬಣ್ಣ ಯಾವುದು, ಇಷ್ಟದ ತಿಂಡಿ ಯಾವುದು, ನಿನ್ನ ಕಾದಂಬರಿಯ ನಾಯಕ ಅಪ್ಪನೇ ಹೌದೋ ಅಲ್ಲೋ! ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಉಂಡವಳು ಇಷ್ಟನ್ನೂ ಪತ್ರ ಬರೆದು ಕೇಳಬೇಕಾಯಿತಲ್ಲ ಅಂತ ನಕ್ಕೆ. ಆಮೇಲೆ ಅನಿಸಿತು, ನಾನೂ ಹೇಳಿರಲಿಲ್ಲ.

ಬರೆಯುವ ಹೊತ್ತು ನಿನಗೆ ಗೊತ್ತೇ ಇದೆ. ಬೆಳಗಿನ ನಾಲ್ಕೂವರೆಯಿಂದ ಹಾಲಿನವನು ಬರುವ ತನಕ. ಆದರೆ ಕಥೆ ಹುಟ್ಟುವುದು ಆಗಲ್ಲ, ರೊಟ್ಟಿ ಬಡಿಯುವಾಗ. ಕೈಗೆ ಕೆಲಸ ಇರುತ್ತದೆ, ತಲೆಗೆ ಇರುವುದಿಲ್ಲ, ಬಡಿಯುವ ಸದ್ದಿಗೆ ಯಾರೂ ಮಾತಾಡಿಸುವುದಿಲ್ಲ. ಯಾರನ್ನು ಯಾರು ಕೊಲ್ಲಬೇಕು ಅನ್ನುವುದೆಲ್ಲ ನಮ್ಮ ಮನೆಯಲ್ಲಿ ಹಂಚಿನ ಮುಂದೆಯೇ ತೀರ್ಮಾನವಾಗಿದೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಗುಣ ಕಲಿತಳಂತೆ. ನನಗೆ ಆ ಭಾಗ್ಯ ಇಲ್ಲ. ನನ್ನ ಕಾದಂಬರಿಗಳಲ್ಲಿ ವಿಷ ಅಂದರೆ ಹೊಲಕ್ಕೆ ಹೊಡೆಯುವ ಎಣ್ಣೆಯೇ.

ಟೇಬಲ್ ಮೇಲೆ ಎರಡು ಪುಸ್ತಕ ಇರುತ್ತವೆ. ಒಂದು ಬರೆಯುವುದಕ್ಕೆ. ಇನ್ನೊಂದು ಕಿರಾಣಿ ಅಂಗಡಿಯ ಕೆಂಪು ಖಾತೆ ಪುಸ್ತಕ, ಸಣ್ಣವಳಿದ್ದಾಗ ನೀನು ಅದರಲ್ಲಿ ಆನೆ ಬರೆದು ಹೊಡೆತ ತಿಂದಿದ್ದೀ. ಅದರಲ್ಲಿ ಎಡಕ್ಕೆ ನಾಯಕಿಗೆ ಗೊತ್ತಿರುವುದು, ಬಲಕ್ಕೆ ಓದುವವರಿಗೆ ಗೊತ್ತಿರುವುದು, ಪ್ರತಿ ಅಧ್ಯಾಯಕ್ಕೂ ಜಮಾ-ಖರ್ಚು. ಎರಡೂ ಕಡೆ ಸರಿಸಮ ಆಯಿತೆಂದರೆ ಆ ಅಧ್ಯಾಯ ಸತ್ತ ಹಾಗೆ. ಓದುವವರಿಗೆ ಹೆಚ್ಚು ಗೊತ್ತಿದ್ದರೆ ಅವಳ ಸಲುವಾಗಿ ಜೀವ ಹೆದರುತ್ತದೆ, ಅವಳಿಗೆ ಹೆಚ್ಚು ಗೊತ್ತಿದ್ದರೆ ಅವಳ ಮೇಲೆಯೇ ಸಂಶಯ ಬರುತ್ತದೆ. ಒಂದು ಕಟ್ಟಳೆ ಮಾತ್ರ ಮುರಿದಿಲ್ಲ: ಅವಳು ಕಣ್ಣಾರೆ ಕಂಡದ್ದನ್ನು ಓದುವವರಿಂದ ಬಚ್ಚಿಡಬಾರದು. ಕಂಡದ್ದನ್ನು ಅವಳು ತಪ್ಪಾಗಿ ತಿಳಿಯಲಿ, ಅದಕ್ಕೆ ಅಡ್ಡಿಯಿಲ್ಲ.

ಬೇರೆಯವರು ಕಲಿಸಿದ್ದೂ ಇದೆ. ಒಂದು ಕಥೆಯಲ್ಲಿ ನಾಯಕಿ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತಿರುತ್ತಾಳೆ, ಆಚೆ ಕಡೆ ಗೋಡೆಗೆ ಬಾಯಿ ಹಚ್ಚಿ ಯಾರೋ ಪಿಸುಗುಟ್ಟಿದ ಮಾತು ಅವಳ ಕಿವಿಗೆ ಬೀಳುತ್ತದೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್, ಅಷ್ಟು ದೂರದ ಉಸಿರು ಪಕ್ಕದಲ್ಲೇ ಕೇಳಿಸುವ ಜಾಗ, ಸಸ್ಪೆನ್ಸ್ ಬರೆಯುವವಳಿಗೆ ಇನ್ನೇನು ಬೇಕು? ಛಲೋ ಬರೆದೆ ಅಂತ ಬೀಗಿದ್ದೆ. ವಿಜಯಪುರದಿಂದ ಒಬ್ಬ ಶಿಕ್ಷಕರ ಕಾರ್ಡು ಬಂತು: “ಅಕ್ಕಾರ, ನೀವು ಅಲ್ಲಿಗೆ ಯಾವಾಗ ಹೋಗಿದ್ರಿ? ಸಾಲಿ ಹುಡುಗರು ಒದರೂದ್ರಾಗ ಅಲ್ಲಿ ನಮ್ಮ ಧ್ವನಿ ನಮಗ ಕೇಳಂಗಿಲ್ಲ.” ಮುಖಕ್ಕೆ ಹೊಡೆದಂತಾಯಿತು. ಮರುವಾರವೇ ಬಸ್ಸು ಹತ್ತಿದೆ. ಬಾಗಿಲು ತೆರೆಯುತ್ತಲೇ ಮೂಲೆಯ ಗೋಪುರದ ಏಳಂತಸ್ತು ಸುತ್ತು ಮೆಟ್ಟಿಲು ಏರಿ ನಿಂತೆ. ಆ ಹೊತ್ತಿಗೆ ಪಾರಿವಾಳದ ರೆಕ್ಕೆಯ ಸದ್ದೂ ತಿರುತಿರುಗಿ ಬರುತ್ತಿತ್ತು. ಮುಂದಿನ ಮುದ್ರಣದಲ್ಲಿ ದೃಶ್ಯವನ್ನು ಬೆಳಗಿಗೆ ತಂದೆ, ಪಾರಿವಾಳವನ್ನೂ ತಂದೆ. ಹೋಗಿ ನಿಲ್ಲದ ಜಾಗದ ಬಗ್ಗೆ ಆಮೇಲೆ ಬರೆದಿಲ್ಲ.

ಯಾರನ್ನು ಓದಿ ಬೆಳೆದೆ ಅಂತ ಕೇಳಿದ್ದೀ. ನಮ್ಮವ್ವ ತ್ರಿವೇಣಿಯವರನ್ನು ಓದಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾಕಾನ ದಿಂಬಿನ ಕೆಳಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇರುತ್ತಿದ್ದ. ನಾನು ಎರಡೂ ಕಡೆ ಕದ್ದು ಓದಿದವಳು, ಹಿಂಗಾಗಿ ಇತ್ತ ಪೂರಾ ಪ್ರೇಮವೂ ಅಲ್ಲ, ಅತ್ತ ಪೂರಾ ಪತ್ತೇದಾರಿಯೂ ಅಲ್ಲ. ಮೊದಲ ಕಾದಂಬರಿ ಕಳಿಸಿದಾಗ ಸಂಪಾದಕರೊಬ್ಬರು ಇದನ್ನೇ ದೋಷವೆಂದು ಬರೆದು ತಿರುಗಿ ಕಳಿಸಿದ್ದರು. ಯಾವ ಪತ್ರಿಕೆ ಅಂತ ಸ್ಟೇಜ್ ಮೇಲೆ ಹೇಳಬೇಡ, ಪಾಪ, ಅವರು ಈಗಿಲ್ಲ.

ಇಂಗ್ಲಿಷಿನಲ್ಲಿ ಡಾಫ್ನೆ ಡು ಮಾರಿಯೆ. 1938ರಲ್ಲಿ ಬಂದ ‘ರೆಬೆಕ್ಕಾ’ದ ನಾಯಕಿಗೆ ಕೊನೆಯ ತನಕ ಹೆಸರೇ ಇಲ್ಲ, ಗಂಡನ ಸತ್ತ ಹೆಂಡತಿಯ ಹೆಸರು ಮಾತ್ರ ಮನೆತುಂಬ. ಗಂಡನ ನೌಕರಿಗಾಗಿ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋದ ಡಾಫ್ನೆ ಅಲ್ಲಿನ ಸೆಕೆಯಲ್ಲಿ ಕೂತು, ಬಿಟ್ಟುಬಂದ ಕಾರ್ನ್‌ವಾಲ್‌ನ ಕಡಲು, ಮಂಜು, ದೊಡ್ಡ ಮನೆ ನೆನೆಯುತ್ತ ಅದನ್ನು ಶುರುಮಾಡಿದಳು. ಬಿಟ್ಟುಬಂದ ಮನೆ ಹೇಗೆ ಬರೆಸುತ್ತದೆ ಅನ್ನುವುದು ಮುಳುಗಡೆ ಊರಿನ ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟದ ತಿಂಡಿ ಅಮೀನಗಡದ ಕರದಂಟು. ಒಂದು ಅಧ್ಯಾಯಕ್ಕೆ ಒಂದು ತುಂಡು, ಅಧ್ಯಾಯ ಮುಗಿದ ಮೇಲೆ. (ಈ ಕಟ್ಟಳೆಯನ್ನು ಮಾತ್ರ ಬಹಳ ಸಲ ಮುರಿದಿದ್ದೇನೆ.) ಇಷ್ಟದ ಹಬ್ಬ ನಮ್ಮೂರ ಹೋಳಿ. ಹಲಗಿ ಸದ್ದಿನ ನಡುವೆ ಬಂಡಿಯಲ್ಲಿ ಬಣ್ಣದ ಬ್ಯಾರಲ್ಲು ಬರುವಾಗ ಹೆತ್ತ ತಾಯಿಗೂ ಮಗನ ಗುರುತು ಹತ್ತುವುದಿಲ್ಲ. ಮೂರು ಕಾದಂಬರಿಗಳಲ್ಲಿ ಬಳಸಿದ್ದೇನೆ, ಇನ್ನು ಸಾಕು ಅಂತ ನಿಮ್ಮಪ್ಪ ಅಂದಿದ್ದಾರೆ.

ಬಣ್ಣ ಬೇರೆ ಹೇಳಬೇಕೇ? ಇಳಕಲ್ ಸೆರಗಿನ ಕೆಂಪು. ನಿನ್ನ ಸೀಮಂತಕ್ಕೆ ತರಲು ಹೋದಾಗ ನೇಕಾರರ ಮನೆಯಲ್ಲಿ ಒಂದು ತಾಸು ಕೂತಿದ್ದೆ. ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಗಂಟು ಕಾಣಿಸುವುದಿಲ್ಲ, ಜಗ್ಗಿದರೆ ಬಿಡುವುದೂ ಇಲ್ಲ. ನೀನು ಕಳಿಸಿದ ನಿನ್ನ ಕಾದಂಬರಿಯ ಎಂಬತ್ತು ಪುಟ ಓದುವಾಗ ಅದೇ ನೆನಪಾಯಿತು. ಬರವಣಿಗೆ ನನಗಿಂತ ನಯವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕೊಲೆ ಒಂದು ಕಡೆ ನಡೆದಿದೆ, ಪ್ರೀತಿ ಇನ್ನೊಂದು ಕಡೆ ಕಾಫಿ ಕುಡಿಯುತ್ತ ಕೂತಿದೆ. ಹೊಲಿಗೆ ಹಾಕಿದ್ದೀ, ಕೊಂಡಿ ಬಿದ್ದಿಲ್ಲ. ಕೊಂದವರು ಯಾರು ಅನ್ನುವುದು ಪತ್ತೇದಾರಿಯ ಪ್ರಶ್ನೆ. ನಮ್ಮದು ಅದಲ್ಲವ್ವಾ. ರಾತ್ರಿ ನನ್ನ ಮಗ್ಗುಲಲ್ಲಿ ಮಲಗುವವನನ್ನು ನಂಬಲೋ ಬೇಡವೋ, ನಮ್ಮ ಕಥೆಯೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿರುತ್ತದೆ. ನಿನ್ನ ನಾಯಕ ಬಹಳ ಒಳ್ಳೆಯವನು. ಅವನ ಮೇಲೆ ನನಗೆ ಒಂದು ಪುಟದಲ್ಲೂ ಸಂಶಯ ಬರಲಿಲ್ಲ.

ಈಗ ಹದಿನೆಂಟನೆಯ ಪ್ರಶ್ನೆ. ನಾಯಕ ಅಪ್ಪನೇ ಏನು?

ನಾವು ಆಗ ಹಳೇ ಊರಲ್ಲಿ, ಹೊಳೆಗೆ ಹತ್ತಿರದ ಮನೆಯಲ್ಲಿದ್ದೆವು. ನೀನಿನ್ನೂ ಹುಟ್ಟಿರಲಿಲ್ಲ, ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದರೆ ಘಟಪ್ರಭೆ ಹಿಂದೆ ಸರಿದು ನಮ್ಮ ಓಣಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾವಾಗ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಳತೆಯವರು ಬಂದು ಗೋಡೆಗೆ ನಂಬರು ಬರೆದು ಹೋಗಿದ್ದರು. ಆ ಮಳೆಗಾಲ ನಿಮ್ಮಪ್ಪ ದಿನಾ ಸಂಜೆ ಚಪ್ಪಲಿ ಮೆಟ್ಟಿ ಹೊರಡುವರು. “ಎಲ್ಲಿಗೆ ಹೊಂಟೀರಿ?” ಅಂದರೆ “ಇಲ್ಲೇ, ಹೊಳಿ ಕಡೆ ಹೋಗಿ ಬರ್ತೀನಿ.” ಚಪ್ಪಲಿ ಕೆಸರಾಗಿಸಿಕೊಂಡು ಬರುವರು, ಏನೂ ಮಾತಾಡರು. ರಾತ್ರಿ ನಾನು ಮಲಗಿದೆ ಅಂತ ತಿಳಿದು ಎದ್ದು ಏನೋ ಬರೆಯುವರು. ಯಾರಿಗೋ ಪತ್ರ ಅಂತ ತಿಳಿದೆ. ಹತ್ತೊಂಬತ್ತು ವರ್ಷದ ಹುಡುಗಿ, ಮತ್ತೇನು ತಿಳಿದಾಳು?

ಒಂದು ಸಂಜೆ ಅತ್ತೆಗೆ ಗುಡಿಗೆ ಹೋಗುತ್ತೇನೆಂದು ಹೇಳಿ ಹಿಂದೆಯೇ ಹೋದೆ. ನೀರಿನ ಅಂಚಿಗೆ ಹೋಗಿ ನಿಂತರು. ಒಂದು ಕಲ್ಲು ಎತ್ತಿ ಅಂಚಿಗೆ ಇಟ್ಟರು. ಆಮೇಲೆ ಮನೆಯ ಕಡೆ ತಿರುಗಿ, ಮೆಲ್ಲಗೆ ಎಣಿಸುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಾನು ಬಾವಿಕಟ್ಟೆಯ ಹಿಂದೆ ಕುಕ್ಕರಿಸಿ ಕೂತಿದ್ದೆ. ನನ್ನನ್ನು ದಾಟಿ ಹೋಗುವಾಗ ಎಣಿಕೆ ಕಿವಿಗೆ ಬಿತ್ತು: ನೂರಾ ಹನ್ನೆರಡು, ನೂರಾ ಹದಿಮೂರು. ನೀರಿನಿಂದ ನಮ್ಮ ಹೊಸ್ತಿಲಿಗೆ ಎಷ್ಟು ಹೆಜ್ಜೆ ಉಳಿದಿವೆ ಅಂತ ದಿನಾ ಅಳೆಯುತ್ತಿದ್ದರು. ನಾನು ಹೆದರಿಯೇನು ಅಂತ ಹೇಳಿರಲಿಲ್ಲ.

ನವನಗರಕ್ಕೆ ಸಾಮಾನು ಸಾಗಿಸುವಾಗ ಆ ನೋಟ್‌ಬುಕ್ಕು ರದ್ದಿಯಲ್ಲಿ ಸಿಕ್ಕಿತು. ಮುಂದಿನಿಂದ ತಾರೀಖು, ಎದುರಿಗೆ ಹೆಜ್ಜೆ, ಬರೀ ಅಂಕಿ. ಅರ್ಧ ಖಾಲಿ ಇತ್ತು. ಅದನ್ನು ತಿರುವಿ ಹಿಂದಿನಿಂದ ನಾನು ಬರೆಯತೊಡಗಿದೆ, ಸಂಜೆಯಾದರೆ ಎಲ್ಲಿಗೋ ಹೋಗಿಬರುವ ಗಂಡನೊಬ್ಬನ ಕಥೆ. ನನ್ನ ಮೊದಲ ಕಾದಂಬರಿ ಅದು. ಅದರಲ್ಲಿ ಗಂಡ ಏನು ಮಾಡುತ್ತಾನೆ ಅಂತ ನಿನಗೆ ಗೊತ್ತು, ನಿಮ್ಮಪ್ಪನಿಗೂ ಗೊತ್ತು. ಎರಡು ಸಲ ಓದಿದ್ದಾರೆ, ಕಾಗುಣಿತದ ತಪ್ಪು ಬಿಟ್ಟರೆ ಮತ್ತೇನೂ ಹೇಳಲಿಲ್ಲ.

ಇದನ್ನು ಸ್ಟೇಜ್ ಮೇಲೆ ಓದಬೇಡ. ಬಾವಿಕಟ್ಟೆಯ ಹಿಂದೆ ನಾನಿದ್ದದ್ದು ಅವರಿಗೆ ಇಂದಿಗೂ ಗೊತ್ತಿಲ್ಲ. ಗೇಟಿನ ಸದ್ದಾಯಿತು, ಚಪ್ಪಲಿ ಬಿಡುತ್ತಿದ್ದಾರೆ. ಯಾರಿಗೆ ಪತ್ರ ಅಂತ ಕೇಳಿದರೆ ಕರೆಂಟ್ ಬಿಲ್ಲಿನ ಅರ್ಜಿ ಅನ್ನುತ್ತೇನೆ.

ನಿನ್ನ ಅವ್ವ