ತಾವೇ ಓವರ್‌ಕ್ಲಾಕ್ ಮಾಡಿ ಮಾರಿದ ಕಂಪ್ಯೂಟರಿಗೆ ವಾರಂಟಿ ನಿರಾಕರಿಸಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸಂಸ್ಥೆಯಲ್ಲೇ ಓವರ್‌ಕ್ಲಾಕ್ ಮಾಡಿ ಕಳುಹಿಸಿದ ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ ಕೆಟ್ಟಿರುವುದು ಮತ್ತು ಅದನ್ನು ಬದಲಿಸಿಕೊಡಲು ಒಪ್ಪದಿರುವುದು.

ಮಾನ್ಯರೇ,

ತಮ್ಮ ಸಂಸ್ಥೆ ಜೋಡಿಸಿ ಮಾರುವ ಕಂಪ್ಯೂಟರುಗಳ ಪೈಕಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಸುರಕ್ಷಿತವಾಗಿ ಓವರ್‌ಕ್ಲಾಕ್ ಮಾಡಿ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡುವಂತೆ ಹೊಂದಿಸಿ, ಪರೀಕ್ಷಿಸಿ ಕೊಡಲಾಗುತ್ತದೆ ಎಂಬ ಭರವಸೆಯಿದ್ದ ಮಾದರಿಯನ್ನು ನಾನು ಖರೀದಿಸಿದ್ದೇನೆ. ಆ ಯಂತ್ರ ಈಗ ಆಟ ಶುರುವಾಗುವ ಹೊತ್ತಿಗೇ ನಿಂತುಹೋಗುತ್ತದೆ, ದೊಡ್ಡ ಫೈಲುಗಳನ್ನು ಬಿಚ್ಚುವಾಗ ದೋಷ ತೋರಿಸುತ್ತದೆ, ಕೆಲವೊಮ್ಮೆ ನೀಲಿ ಪರದೆ ತೋರಿಸಿ ತಾನಾಗಿಯೇ ಮರುಪ್ರಾರಂಭವಾಗುತ್ತದೆ. ಇದನ್ನು ತಿಳಿಸಿದಾಗ ತಮ್ಮ ಸೇವಾ ಸಿಬ್ಬಂದಿ, ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲವೆಂದು ಲಿಖಿತವಾಗಿ ಉತ್ತರಿಸಿದ್ದಾರೆ. ಓವರ್‌ಕ್ಲಾಕ್ ಮಾಡಿದವರು ನಾನಲ್ಲ, ತಾವು. ಯಂತ್ರ ಕೈಸೇರಿದ ದಿನದಿಂದ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ) ಇದ್ದದ್ದು ತಮ್ಮ ಸಂಸ್ಥೆ ಉಳಿಸಿಟ್ಟ ಸೆಟ್ಟಿಂಗ್‌ಗಳ ಪ್ರೊಫೈಲ್ ಮಾತ್ರ, ಮತ್ತು ಅದರ ಹೆಸರಿನಲ್ಲೇ ತಮ್ಮ ಸಂಸ್ಥೆಯ ಹೆಸರೂ ಇದೆ.

ದೋಷ ಎಲ್ಲಿದೆ ಎಂದು ತಿಳಿಯಲು ನಾನು ಆ ಪ್ರೊಫೈಲನ್ನು ತೆರೆದು ನೋಡಿದೆ. ಎಲ್ಲ ಮುಖ್ಯ ಕೋರ್‌ಗಳಿಗೂ 100 ಮೆಗಾಹರ್ಟ್ಸ್ ಮೂಲ ಗಡಿಯಾರದ ಮೇಲೆ 55ರ ಗುಣಕ, ಅಂದರೆ 5.5 ಗಿಗಾಹರ್ಟ್ಸ್ ವೇಗ; ವೋಲ್ಟೇಜ್ 1.42ಕ್ಕೆ ಸ್ಥಿರ, ವಿದ್ಯುತ್ ಮಿತಿಗಳನ್ನು ಪೂರ್ತಿಯಾಗಿ ತೆಗೆದುಹಾಕಲಾಗಿದೆ, ಲೋಡ್‌ಲೈನ್ ಕ್ಯಾಲಿಬ್ರೇಷನ್ (ಹೊರೆ ಏರಿದಾಗ ವೋಲ್ಟೇಜ್ ಕುಸಿಯದಂತೆ ಸರಿದೂಗಿಸುವ ಸೆಟ್ಟಿಂಗ್) ಅತ್ಯಂತ ಮೇಲಿನ ಮಟ್ಟದಲ್ಲಿದೆ. ಮೂಲ ಸೆಟ್ಟಿಂಗ್‌ನಲ್ಲಿ ಇದೇ ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ಸುಮಾರು 1.25 ವೋಲ್ಟ್ ತೆಗೆದುಕೊಂಡು 5.2 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಚಿಪ್ಪು ಸೆಳೆಯುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ಅನುಪಾತದಲ್ಲಿಯೂ ಏರುತ್ತದೆಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಮೊದಲ ಪಾಠ. ಆ ಲೆಕ್ಕದಂತೆ, ಶೇಕಡಾ 6ಕ್ಕಿಂತ ಕಡಿಮೆ ವೇಗ ಗಳಿಸಲು ತಾವು ಶೇಕಡಾ 36ರಷ್ಟು ಹೆಚ್ಚುವರಿ ಶಾಖವನ್ನು ಈ ಚಿಪ್ಪಿನ ಮೇಲೆ ಹೇರಿದ್ದೀರಿ. ಕೂಲರ್ ಅದನ್ನು ತಾಳಿಕೊಳ್ಳಲಾರದು. ಪೂರ್ಣ ಹೊರೆ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಉಷ್ಣತೆ 100 ಡಿಗ್ರಿ ಮುಟ್ಟುತ್ತದೆ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಂಡು 4.9 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಅಂದರೆ ಹೆಚ್ಚು ವೇಗದ ಹೆಸರಿನಲ್ಲಿ ಮಾರಿದ ಯಂತ್ರ, ದುಡಿಯಬೇಕಾದ ಹೊತ್ತಿನಲ್ಲಿ ಮೂಲ ಸೆಟ್ಟಿಂಗ್‌ಗಿಂತಲೂ ನಿಧಾನವಾಗಿ ಓಡುತ್ತಿದೆ.

ಲೋಡ್‌ಲೈನ್ ಸೆಟ್ಟಿಂಗ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೊರೆ ಏರಿದಾಗ ವೋಲ್ಟೇಜ್ ಕೊಂಚ ಕುಸಿಯುವುದು ವಿನ್ಯಾಸದಲ್ಲಿಯೇ ಇರುವ ಗುಣ. ಹೊರೆ ಒಮ್ಮೆಲೇ ಇಳಿದಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮದಂತೆ ಅದು ತಡೆಯುತ್ತದೆ. ಆ ಕುಸಿತವನ್ನು ಪೂರ್ತಿ ಅಳಿಸಿಬಿಟ್ಟರೆ, ಪರದೆಯ ಮೇಲೆ 1.42 ಎಂದು ಕಾಣುತ್ತಿದ್ದರೂ ಕ್ಷಣಮಾತ್ರದ ಜಿಗಿತಗಳು ಅದನ್ನು ದಾಟಬಹುದು, ಮತ್ತು ಸಾಮಾನ್ಯ ಮಾನಿಟರಿಂಗ್ ತಂತ್ರಾಂಶ ಅವನ್ನು ಹಿಡಿಯುವಷ್ಟು ಚುರುಕಲ್ಲ. ಆಟಗಳಲ್ಲಿ ಹೊರೆ ಪ್ರತಿ ಕ್ಷಣವೂ ಏರಿಳಿಯುತ್ತಿರುತ್ತದೆ. ಗೇಮಿಂಗ್ ಯಂತ್ರಕ್ಕೆ ಈ ಮಟ್ಟವನ್ನು ಆಯ್ದುಕೊಂಡವರು ಅದರ ಪರಿಣಾಮವನ್ನು ಯೋಚಿಸಿರಲಾರರು ಎಂದೇ ನನ್ನ ಅಭಿಪ್ರಾಯ.

ಬಯೋಸ್ ಅನ್ನು ಮೂಲ ಸೆಟ್ಟಿಂಗ್‌ಗೆ ಮರಳಿಸಿದ ಮೇಲೂ ದೋಷ ನಿಂತಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ (ಯಂತ್ರಾಂಶದ ದೋಷಗಳನ್ನು ದಾಖಲಿಸುವ ಭಾಗ) ಹೆಸರಿನಲ್ಲಿ ಪ್ರೊಸೆಸರ್ ಕೋರ್‌ನ ದೋಷಗಳು ದಾಖಲಾಗುತ್ತಲೇ ಇವೆ. ಗುಣಕವನ್ನು 50ಕ್ಕೆ, ಅಂದರೆ ವೇಗವನ್ನು 5.0 ಗಿಗಾಹರ್ಟ್ಸ್‌ಗೆ ಇಳಿಸಿದರೆ ಮಾತ್ರ ಅವು ಕಾಣೆಯಾಗುತ್ತವೆ. ತಯಾರಕರು ನಿಗದಿಪಡಿಸಿದ ವೇಗವನ್ನೇ ಈ ಚಿಪ್ಪು ಈಗ ಹಿಡಿದಿಟ್ಟುಕೊಳ್ಳಲಾರದು. ಅತಿ ವೋಲ್ಟೇಜ್ ಮತ್ತು ಅತಿ ಶಾಖ ಒಟ್ಟಿಗೆ ಬಹುಕಾಲ ಇದ್ದರೆ ಸಿಲಿಕಾನ್ ಸವೆಯುತ್ತದೆ, ಹಿಂದಿನ ವೇಗಕ್ಕೇ ಹೆಚ್ಚು ವೋಲ್ಟೇಜ್ ಬೇಡತೊಡಗುತ್ತದೆ. ಆ ಸವೆತ ಮತ್ತೆ ಸರಿಹೋಗುವಂಥದ್ದಲ್ಲ. ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದದ್ದನ್ನು ಹೇಳಿದಾಗ ತಮ್ಮ ಸಿಬ್ಬಂದಿ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಸೂಚಿಸಿದರು. ಕಾರ್ಡಿನ ಮೆಮೊರಿ ಅರ್ಧವೂ ತುಂಬಿರದಾಗ ಬರುವ ಈ ಸಂದೇಶಕ್ಕೆ ಅಸ್ಥಿರ ಪ್ರೊಸೆಸರ್ ಕಾರಣವಾಗಿರಬಹುದೆಂಬುದು 2024ರಲ್ಲೇ ವ್ಯಾಪಕವಾಗಿ ಚರ್ಚೆಯಾದ ಸಂಗತಿ.

ಇನ್ನು ಗ್ರಾಫಿಕ್ಸ್ ಕಾರ್ಡ್. ಅದು ಕೆಟ್ಟಿಲ್ಲ, ಆದರೆ ಅದರ ಮೆಮೊರಿಗೆ ತಾವು ಹಾಕಿದ 1200 ಮೆಗಾಹರ್ಟ್ಸ್ ಹೆಚ್ಚಳವೂ ಕುರುಡಾಗಿ ಇಟ್ಟದ್ದೇ. ಈ ಕಾರ್ಡಿನಲ್ಲಿರುವ ಜಿಡಿಡಿಆರ್6ಎಕ್ಸ್ ಬಗೆಯ ಮೆಮೊರಿಯಲ್ಲಿ ದತ್ತಾಂಶ ತಪ್ಪಾಗಿ ತಲುಪಿದರೆ ಅದನ್ನು ಪತ್ತೆಹಚ್ಚಿ ಮತ್ತೆ ಕಳುಹಿಸುವ ವ್ಯವಸ್ಥೆಯಿದೆ. ಆದ್ದರಿಂದ ವೇಗ ಮಿತಿ ಮೀರಿದಾಗ ಚಿತ್ರ ಕೆಡುವ ಮೊದಲೇ ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು ಕಡಿಮೆಯಾಗತೊಡಗುತ್ತವೆ. ಅದೇ ದೃಶ್ಯವನ್ನು ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿದಾಗ ತಮ್ಮ ಪ್ರೊಫೈಲ್ ಸೆಕೆಂಡಿಗೆ 112 ಫ್ರೇಮ್ ಕೊಟ್ಟಿತು. ಹೆಚ್ಚಳವನ್ನು 400ಕ್ಕೆ ಇಳಿಸಿದೊಡನೆ 118 ಬಂತು, ಮೆಮೊರಿಯ ಉಷ್ಣತೆ 104 ಡಿಗ್ರಿಯಿಂದ 96ಕ್ಕೆ ಇಳಿಯಿತು. ಒಂದೇ ಒಂದು ಬಾರಿ ಸಂಖ್ಯೆಗಳನ್ನು ಹೋಲಿಸಿ ನೋಡಿದ್ದರೂ ತಮ್ಮವರಿಗೆ ಇದು ತಿಳಿಯುತ್ತಿತ್ತು.

ಓವರ್‌ಕ್ಲಾಕಿಂಗ್ ಬಗ್ಗೆ ನನಗೆ ಆಸಕ್ತಿಯಿದೆ, ಗೌರವವೂ ಇದೆ. ಒಂದೇ ಮಾದರಿಯ ಎರಡು ಚಿಪ್ಪುಗಳು ಒಂದೇ ವೋಲ್ಟೇಜಿನಲ್ಲಿ ಒಂದೇ ವೇಗ ಕೊಡುವುದಿಲ್ಲವಾದ್ದರಿಂದ, ಪ್ರತಿ ಚಿಪ್ಪನ್ನೂ ಅದರ ಗುಣ ನೋಡಿ, ಗುಣಕವನ್ನು ಒಂದೊಂದೇ ಹೆಜ್ಜೆ ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಉಷ್ಣತೆ ಮತ್ತು ದೋಷಗಳ ದಾಖಲೆ ಪರಿಶೀಲಿಸುತ್ತ, ಪ್ರೈಮ್95 ಅಥವಾ ಒಸಿಸಿಟಿಯಂಥ ಕಠಿಣ ಪರೀಕ್ಷೆಗಳ ಜೊತೆಗೆ ಹೊರೆ ಏರಿಳಿಯುವ ಆಟಗಳಲ್ಲೂ ಓಡಿಸಿ, ಕೊನೆಗೆ ಸ್ಥಿರವಾಗಿ ನಿಂತ ಮಟ್ಟಕ್ಕಿಂತ ಒಂದು ಹೆಜ್ಜೆ ಕೆಳಗೆ ನಿಲ್ಲುವುದು ಈ ಕೆಲಸದ ಶಿಸ್ತು. ಗ್ರಾಹಕರು ತಮಗೆ ಹೆಚ್ಚಿಗೆ ಹಣ ಕೊಡುವುದು ಆ ತಾಳ್ಮೆಗೆ. ನನ್ನ ಯಂತ್ರದೊಡನೆ ಬಂದ ಪರೀಕ್ಷಾ ವರದಿಯಲ್ಲಿ ಇರುವುದು ಸಿನೆಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶದ ಒಂದು ಅಂಕ ಮಾತ್ರ. ವೋಲ್ಟೇಜ್ ಇಲ್ಲ, ಉಷ್ಣತೆ ಇಲ್ಲ, ಪರೀಕ್ಷೆ ಎಷ್ಟು ಹೊತ್ತು ನಡೆಯಿತೆಂಬುದೂ ಇಲ್ಲ.

ಓವರ್‌ಕ್ಲಾಕಿಂಗ್‌ನಿಂದಾದ ಹಾನಿಯನ್ನು ಚಿಪ್ಪು ತಯಾರಕರ ವಾರಂಟಿ ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ ಎಂಬುದು ನನಗೆ ತಿಳಿದಿದೆ. ಅದಕ್ಕಾಗಿಯೇ ಆ ಹೊಣೆ ಓವರ್‌ಕ್ಲಾಕ್ ಮಾಡಿ ಮಾರಿದವರ ಮೇಲೆ ಬರುತ್ತದೆ. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟಾಗ ಎಎಂಡಿ ಸಂಸ್ಥೆ ಎಸ್‌ಒಸಿ ವೋಲ್ಟೇಜಿಗೆ (ಚಿಪ್ಪಿನೊಳಗಿನ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವ ವೋಲ್ಟೇಜಿಗೆ) 1.3 ವೋಲ್ಟ್‌ನ ಮಿತಿ ಹಾಕಿ ಬಯೋಸ್ ನವೀಕರಣಗಳ ಮೂಲಕ ಜಾರಿಗೆ ತಂದಿತು. 2024ರಲ್ಲಿ ಇಂಟೆಲ್ ಸಂಸ್ಥೆ ತನ್ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಕಾರಣವೆಂದು ಒಪ್ಪಿಕೊಂಡು, ಪ್ರೊಸೆಸರಿನೊಳಗಿನ ನಿಯಂತ್ರಣ ಸೂಚನೆಗಳಾದ ಮೈಕ್ರೋಕೋಡ್ ತಿದ್ದಿ, ಬಾಧಿತ ಮಾದರಿಗಳ ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ತಯಾರಕರೇ ಹೀಗೆ ಹೊಣೆ ಹೊತ್ತಿರುವಾಗ, ತಾವೇ ಹಾಕಿದ ಸೆಟ್ಟಿಂಗನ್ನು ಗ್ರಾಹಕನ ತಲೆಗೆ ಕಟ್ಟುವುದು ಯಾವ ನ್ಯಾಯ?

ಆದ್ದರಿಂದ ಪ್ರೊಸೆಸರನ್ನು ತಮ್ಮ ಖರ್ಚಿನಲ್ಲಿ ಬದಲಿಸಿಕೊಡಬೇಕು, ಹೊಸ ಚಿಪ್ಪನ್ನು ಅದರದೇ ಮಿತಿಗೆ ತಕ್ಕಂತೆ ಪರೀಕ್ಷಿಸಿ ವೋಲ್ಟೇಜ್, ಉಷ್ಣತೆ ಮತ್ತು ಪರೀಕ್ಷೆಯ ಅವಧಿಯನ್ನು ನಮೂದಿಸಿದ ವರದಿ ಕೊಡಬೇಕು, ಮತ್ತು ತಮ್ಮ ಪ್ರೊಫೈಲ್ ಬಳಸುವವರ ವಾರಂಟಿ ರದ್ದಾಗುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ಇದೇ ಪ್ರೊಫೈಲ್ ಇರುವ ಯಂತ್ರಗಳನ್ನು ಕೊಂಡ ಇತರ ಗ್ರಾಹಕರಿಗೂ ತಕ್ಷಣ ಸೂಚನೆ ಕಳುಹಿಸಿ, ಅವರ ಚಿಪ್ಪುಗಳು ಇನ್ನೂ ಸವೆಯುವ ಮೊದಲೇ ಮೂಲ ಸೆಟ್ಟಿಂಗ್‌ಗೆ ಮರಳಲು ಹೇಳಬೇಕು. ಪರಿಶೀಲನೆಗೆ ನನ್ನ ಯಂತ್ರವನ್ನು ಒಯ್ಯುವುದಾದರೆ ಬಯೋಸ್‌ನಲ್ಲಿ ಉಳಿದಿರುವ ತಮ್ಮ ಪ್ರೊಫೈಲನ್ನೂ ವಿಂಡೋಸ್‌ನ ದೋಷ ದಾಖಲೆಗಳನ್ನೂ ಅಳಿಸಬಾರದು. ಅವುಗಳ ಪ್ರತಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ಲಿಖಿತ ಉತ್ತರದ ನಿರೀಕ್ಷೆಯಲ್ಲಿ,

ಇಂತಿ,
ತಮ್ಮ ಗ್ರಾಹಕ